ದೇವರ ಪ್ರತಿರೂಪದಲ್ಲಿ ಹೆಣ್ಣಿನ ಪಾಲು



ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತಳಾದವಳು. ದೇವಶಾಸ್ತ್ರ ನನ್ನ ಕ್ಷೇತ್ರವಲ್ಲ. ಆದರೆ ಒಂದು ನಂಬಿಕೆ ಯಾರ ಯಾರ ಕೈಗೆ ಸಿಕ್ಕಿ ಏನೇನಾಯಿತು ಎಂದು ಕೇಳುವುದು ಇತಿಹಾಸದ ಕೆಲಸವೇ. ದೇವರು ಮನುಷ್ಯರನ್ನು ತನ್ನ ಸ್ವರೂಪದಲ್ಲಿ ಸೃಷ್ಟಿಸಿದನೆಂಬ ಕ್ರೈಸ್ತರ ನಂಬಿಕೆಯನ್ನು ಇವತ್ತು ಹಾಗೆ ನೋಡೋಣ.

ಇದರ ಮೂಲ ಬೈಬಲಿನ ಆದಿಕಾಂಡದ ಮೊದಲ ಅಧ್ಯಾಯ. ಅಲ್ಲಿ ಗಂಡು ಹೆಣ್ಣು ಇಬ್ಬರನ್ನೂ ಒಟ್ಟಿಗೆ ಹೆಸರಿಸಿದೆ. ಭೂಮಿಯ ಮೇಲಿನ ಅಧಿಕಾರವನ್ನೂ ಇಬ್ಬರಿಗೂ ಕೊಟ್ಟಿದೆ. ಹೀಬ್ರೂ ಮೂಲದಲ್ಲಿ ಬಳಸಿರುವ ಶಬ್ದ ‘ತ್ಸೆಲೆಮ್’. ವಿಗ್ರಹಕ್ಕೂ ಅದೇ ಶಬ್ದ. ಆ ಕಾಲದ ಸುತ್ತಮುತ್ತಲ ನಾಡುಗಳಲ್ಲಿ ದೇವರ ಪ್ರತಿರೂಪ ಎನಿಸಿಕೊಳ್ಳುತ್ತಿದ್ದವನು ರಾಜ. ಈಜಿಪ್ಟಿನ ದೊರೆ ತುತಾಂಖಾಮನ್‌ನ ಹೆಸರಿನ ಅರ್ಥವೇ ಅಮುನ್ ದೇವರ ಜೀವಂತ ಪ್ರತಿರೂಪ ಎಂದು. ಆ ಬಿರುದನ್ನು ಸಿಂಹಾಸನದಿಂದ ಇಳಿಸಿ ಹೊಲ ಉಳುವವನಿಗೂ ನೀರು ಹೊರುವವಳಿಗೂ ಕೊಟ್ಟದ್ದು ಸಣ್ಣ ಮಾತಲ್ಲ.

ಈ ನಂಬಿಕೆ ಬರಿಯ ಗೌರವದ ಮಾತಾಗಿಯೂ ಉಳಿಯಲಿಲ್ಲ. ಆದಿಕಾಂಡದ ಒಂಬತ್ತನೇ ಅಧ್ಯಾಯ ನರಹತ್ಯೆ ಸಲ್ಲದೆಂದು ಹೇಳುವುದು ಇದೇ ಕಾರಣದಿಂದ. ಯಾಕೋಬನ ಪತ್ರಿಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದೇವರನ್ನು ಕೊಂಡಾಡುವ ನಾಲಗೆಯಿಂದಲೇ ದೇವರ ಹೋಲಿಕೆಯುಳ್ಳ ಮನುಷ್ಯರನ್ನು ಶಪಿಸಬಾರದು ಎನ್ನುತ್ತದೆ. ಚರ್ಚಿನಲ್ಲಿ ಹಾಡಿ ಬಂದು ಹೆಂಡತಿಯ ತವರನ್ನು ಹೀನಾಯವಾಗಿ ಬಯ್ಯುವವನಿಗೆ ಇದಕ್ಕಿಂತ ನೇರವಾದ ಮಾತು ಬೇಕೆ? ಮಂಗಳಾರತಿ ಮುಗಿಸಿ ಸೊಸೆಯ ಮೇಲೆ ಹರಿಹಾಯುವ ಮನೆಗಳಿಗೂ ಈ ಮಾತು ಸಲ್ಲುತ್ತದೆ.

ಕರ ಕೊಡಬೇಕೇ ಎಂದು ಕೇಳಿದವರಿಗೆ ಯೇಸು ನಾಣ್ಯ ತರಿಸಿ, ಅದರ ಮೇಲಿರುವುದು ಯಾರ ರೂಪ ಎಂದು ಕೇಳಿದ ಪ್ರಸಂಗ ನಿಮಗೆ ಗೊತ್ತಿರಬಹುದು. ಕ್ರಿ.ಶ. 200ರ ಸುಮಾರಿಗೆ ಕಾರ್ಥೇಜಿನಲ್ಲಿದ್ದ ತೆರ್ತುಲಿಯನ್ ಇದನ್ನು ವಿವರಿಸುತ್ತಾ, ನಾಣ್ಯದಲ್ಲಿ ಚಕ್ರವರ್ತಿಯ ರೂಪವಿದೆ, ಅದು ಅವನಿಗೆ ಸೇರಲಿ; ಮನುಷ್ಯರಲ್ಲಿ ದೇವರ ರೂಪವಿದೆ, ಅವರು ದೇವರಿಗೆ ಸೇರಿದವರು ಎಂದ. ಹಾಗಾದರೆ ವರದಕ್ಷಿಣೆ ಎಂದರೇನು? ತಕ್ಕಡಿಯ ಒಂದು ತಟ್ಟೆಯಲ್ಲಿ ನಾಣ್ಯ, ಇನ್ನೊಂದರಲ್ಲಿ ಹುಡುಗಿಯನ್ನಿಟ್ಟು, ಹುಡುಗಿಯೇ ಹಗುರ ಎಂದು ತೀರ್ಮಾನಿಸುವುದು.

ಆದರೆ ಇದೇ ತೆರ್ತುಲಿಯನ್ ಹೆಂಗಸರ ಉಡುಪಿನ ಬಗ್ಗೆ ಬರೆಯುವಾಗ, ದೇವರ ಪ್ರತಿರೂಪವಾದ ಗಂಡನ್ನು ಕೆಡಿಸಿದವಳು ಹೆಣ್ಣು ಎಂದು ಜರೆದ. ಅಂದರೆ ಪ್ರತಿರೂಪ ಗಂಡಿನ ಪಾಲಾಯಿತು, ಪಾಪ ಹೆಣ್ಣಿನ ಪಾಲಾಯಿತು! ಅಗಸ್ಟೀನ್ ಆತ್ಮದ ಮಟ್ಟಿಗೆ ಇಬ್ಬರನ್ನೂ ಸಮಾನರೆಂದು ಒಪ್ಪಿದರೂ, ಸಹಾಯಕಿಯ ಪಾತ್ರದಲ್ಲಿ ಹೆಣ್ಣು ಒಬ್ಬಳೇ ಪ್ರತಿರೂಪವಲ್ಲ, ಗಂಡನೊಡನೆ ಸೇರಿದಾಗ ಮಾತ್ರ ಎಂದ. 1140ರ ಸುಮಾರಿಗೆ ಗ್ರೇಷಿಯನ್ ಕೂಡಿಸಿದ ಚರ್ಚಿನ ನಿಯಮಸಂಗ್ರಹದಲ್ಲಿ, ಹೆಣ್ಣು ದೇವರ ಸ್ವರೂಪದಲ್ಲಿ ಉಂಟಾದವಳಲ್ಲ ಎಂಬ ಮಾತೇ ಸೇರಿತು. ‘ಸಹಾಯಕಿ’ ಎಂದು ಅನುವಾದಗೊಂಡ ‘ಏಜೆರ್’ ಎಂಬ ಹೀಬ್ರೂ ಶಬ್ದವನ್ನು ಬೈಬಲಿನ ಬೇರೆ ಕಡೆಗಳಲ್ಲಿ ದೇವರಿಗೇ ಬಳಸಿದೆ ಎಂಬುದನ್ನು ಈ ಪಂಡಿತರು ಲೆಕ್ಕಕ್ಕೆ ಹಿಡಿಯಲಿಲ್ಲ.

ಹೆಂಗಸರು ಸುಮ್ಮನಿರಲಿಲ್ಲ. ಅಮೆರಿಕದಲ್ಲಿ ಗುಲಾಮರನ್ನಿಟ್ಟುಕೊಂಡಿದ್ದ ಮನೆತನದಲ್ಲಿ ಹುಟ್ಟಿ ಗುಲಾಮಗಿರಿಯ ವಿರುದ್ಧ ನಿಂತ ಸಾರಾ ಗ್ರಿಮ್‌ಕೆ, ಸ್ತ್ರೀ ಪುರುಷರ ಸಮಾನತೆಯ ಬಗ್ಗೆ ಬರೆದ ಪತ್ರಗಳನ್ನು 1838ರಲ್ಲಿ ಪ್ರಕಟಿಸಿದಳು. ಅವಳ ವಾದ ಶುರುವಾಗುವುದೇ ಆದಿಕಾಂಡದ ಈ ವಚನದಿಂದ. ಪುರುಷರು ಬೀಗ ಹಾಕಿಟ್ಟ ಪುಸ್ತಕದೊಳಗೇ ಆಕೆಗೆ ಬೀಗದ ಕೈ ಸಿಕ್ಕಿತು. 1988ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಕೂಡ, ಸ್ತ್ರೀ ಪುರುಷರಿಬ್ಬರೂ ಸಮಾನವಾಗಿ ದೇವರ ಪ್ರತಿರೂಪವೆಂದು ಬರೆದರು.

ಆದರೆ ನಂಬಿಕೆಗೆ ಸಮಾನತೆ ಬಂದರೆ ಸಾಲದು, ಮನೆಗೂ ಕಾನೂನಿಗೂ ಬರಬೇಕು. ತಿರುವಾಂಕೂರಿನ 1916ರ ಕ್ರೈಸ್ತ ಉತ್ತರಾಧಿಕಾರ ಕಾಯಿದೆಯಂತೆ ಮಗಳಿಗೆ ಸಿಗುತ್ತಿದ್ದುದು ಮಗನ ಪಾಲಿನ ಕಾಲು ಭಾಗ ಅಥವಾ 5,000 ರೂಪಾಯಿ, ಯಾವುದು ಕಡಿಮೆಯೋ ಅದು. ಮದುವೆಯಲ್ಲಿ ಸ್ತ್ರೀಧನ ಕೊಟ್ಟಿದ್ದರೆ ಅದೂ ಇಲ್ಲ. ಮೇರಿ ರಾಯ್ ಎಂಬ ದಿಟ್ಟ ಹೆಂಗಸು ಸುಪ್ರೀಂ ಕೋರ್ಟಿಗೆ ಹೋಗಿ 1986ರಲ್ಲಿ ಸಮಪಾಲು ಪಡೆದ ಮೇಲೆ ಅದು ಬದಲಾಯಿತು. 1869ರ ವಿಚ್ಛೇದನ ಕಾಯಿದೆಯಂತೆ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನೇ ರುಜುವಾತು ಮಾಡಿದರೆ ಸಾಕಿತ್ತು. ಹೆಂಡತಿಗೆ ಮಾತ್ರ ಬರಿಯ ಕ್ರೌರ್ಯ ಸಾಕಾಗುತ್ತಿರಲಿಲ್ಲ. ಅದು ತಿದ್ದುಪಡಿಯಾದದ್ದು 2001ರಲ್ಲಿ. ಅಲ್ಲಿಯವರೆಗೆ ಕಾಯಿದೆಯ ಬರಹದಲ್ಲಿ ಬರಿಯ ಏಟು ತಿಂದವಳಿಗೆ ವಿಚ್ಛೇದನ ಇರಲಿಲ್ಲ.

ಯೇಸು ಶಿಲುಬೆ ಹೊತ್ತ, ನೀನೂ ಹೊರು ಎಂದು ಹೊಡೆತ ತಿಂದವಳಿಗೆ ಉಪದೇಶ ಮಾಡುವ ಹಿರಿಯರು ಈಗಲೂ ಇದ್ದಾರೆ. ಅವರನ್ನು ಒಂದೇ ಪ್ರಶ್ನೆ ಕೇಳಿ: ಹೊಡೆಯುವ ಕೈಯನ್ನು ಹಿಡಿಯದೆ, ಏಟು ತಿನ್ನುವ ಬಾಯಿಯನ್ನು ಏಕೆ ಮುಚ್ಚಿಸುತ್ತೀರಿ? ದೇವರ ರೂಪ ಅವಳಲ್ಲೂ ಇದೆ ಎಂದು ನೀವು ನಿಜವಾಗಿ ನಂಬುವುದಾದರೆ, ಮೊದಲು ಹೋಗಬೇಕಾದದ್ದು ಅವನ ಹತ್ತಿರ. ಅವಳ ಜೊತೆ ಪೊಲೀಸ್ ಠಾಣೆಗೆ, ಕೋರ್ಟಿಗೆ ಹೋಗಲು ನಾವಿದ್ದೇವೆ. ನೀವೂ ಬನ್ನಿ.