ಸ್ವರಪರೀಕ್ಷೆಯೂ ಮನಸ್ಸಿನ ಸಿದ್ಧತೆಯೂ

(ಶತಮಾನೋತ್ಸವ ಗಾಯನವೃಂದದ ಆಯ್ಕೆಗೆ ಮುನ್ನ ಯುವಜನರಿಗೂ ತಾಯ್ತಂದೆಯರಿಗೂ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯದ ನೂರನೆಯ ವರ್ಷದ ಕೃತಜ್ಞತಾ ಬಲಿಪೂಜೆಯಲ್ಲಿ ಹಾಡತಕ್ಕವರನ್ನು ಮುಂದಿನ ಭಾನುವಾರ ಆರಿಸಲಿದ್ದೇವೆ. ಅವರಲ್ಲಿ ಕೆಲವರಿಗೆ ಈಗಾಗಲೇ ನಿದ್ರೆ ಕೆಟ್ಟಿದೆಯೆಂದು ತಾಯಂದಿರು ನಮ್ಮೊಡನೆ ಹೇಳಿಕೊಂಡಿದ್ದಾರೆ. ಆದುದರಿಂದಲೇ ಈ ನಾಲ್ಕು ಮಾತು.

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ಬಹಳ ವರ್ಷಗಳ ಹಿಂದೆ, ಬೇರೊಂದು ಊರಿನಲ್ಲಿ ಸೇವೆಯಲ್ಲಿದ್ದಾಗ, ಕ್ರಿಸ್ಮಸ್ ಗಾಯನಕ್ಕೆ ಮಕ್ಕಳನ್ನು ಆರಿಸುತ್ತಿದ್ದೆವು. ಒಬ್ಬ ಬಾಲಕಿ ಎರಡನೆಯ ಸಾಲಿಗೇ ನಿಂತುಬಿಟ್ಟಳು. "ಸಾಕಮ್ಮ" ಎಂದು ಮುಂದಿನವರನ್ನು ಕರೆದೆವು. ಕೆಲವು ತಿಂಗಳ ತರುವಾಯ ಒಂದು ಸಂಜೆ ಲೂರ್ದು ಮಾತೆಯ ಗವಿಯ ಬಳಿ ಹೂ ಜೋಡಿಸುತ್ತ ಅವಳು ಅದೇ ಗೀತೆಯನ್ನು ಹಾಡುತ್ತಿದ್ದುದು ಕಿವಿಗೆ ಬಿತ್ತು. ನಾವು ಆರಿಸಿದ್ದ ಯಾರ ಕಂಠವೂ ಅದಕ್ಕೆ ಸಮನಾಗಿರಲಿಲ್ಲ. ಮತ್ತೆ ಕರೆದೆವು, ಅವಳು ಬರಲೊಲ್ಲಳು. ಪರೀಕ್ಷೆಯ ದಿನ ನಮಗೆ ಕೇಳಿಸಿದ್ದು ಅವಳ ಭಯ ಮಾತ್ರ.

ಭಯವು ಶರೀರದಲ್ಲಿಯೂ ಕೆಲಸ ಮಾಡುತ್ತದೆ. ಎದೆ ಬಡಿಯುತ್ತದೆ, ಬಾಯಿ ಒಣಗುತ್ತದೆ, ಕೊರಳು ಬಿಗಿಯುತ್ತದೆ, ಉಸಿರು ಗಿಡ್ಡವಾಗುತ್ತದೆ. ಉಸಿರು ಸಾಲದಿದ್ದರೆ ದೀರ್ಘ ಸ್ವರವು ನಿಲ್ಲುವುದೆಂತು? ಮನೆಯಲ್ಲಿ ನೂರು ಸಲ ಹಾಡಿದವನೂ ಇಲ್ಲಿ ತಡವರಿಸುತ್ತಾನೆ. ಮನೆಯಲ್ಲಿ ತಪ್ಪಿದಾಗಲೆಲ್ಲ ಮೊದಲಿನಿಂದ ಆರಂಭಿಸುವುದೇ ಅವನ ರೂಢಿಯಾಗಿರುತ್ತದೆ. ಆದುದರಿಂದ ಉಳಿದಿರುವ ದಿನಗಳಲ್ಲಿ ಪರೀಕ್ಷೆಯನ್ನೇ ಅಭ್ಯಾಸ ಮಾಡಿರಿ. ಅಜ್ಜಿಯನ್ನೋ ನೆರೆಯವರನ್ನೋ ಕೂರಿಸಿ, ಎದ್ದು ನಿಂತು, ಒಂದೇ ಸಲ ಹಾಡಿರಿ. ತಪ್ಪಿದರೂ ನಿಲ್ಲದೆ ಮುಂದುವರಿಯಿರಿ. ಗೀತೆಯ ನಡುವಿನ ಸಾಲಿನಿಂದಲೂ ಎತ್ತಿಕೊಳ್ಳಲು ಕಲಿಯಿರಿ. ಶನಿವಾರ ರಾತ್ರಿ ಗಂಟಲು ಹರಿಯುವಂತೆ ಹಾಡಬೇಡಿರಿ.

"ಹೆದರಬೇಡ" ಎಂದು ಗದರಿಸುವ ತಂದೆಯವರಿಗೂ ಒಂದು ಮಾತು. 2014ರಲ್ಲಿ ಅಮೆರಿಕದ ಆಲಿಸನ್ ವುಡ್ ಬ್ರೂಕ್ಸ್ ಎಂಬ ವಿದುಷಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಡುವ ಮುನ್ನ "ನನಗೆ ಉತ್ಸಾಹವಾಗಿದೆ" ಎಂದು ಬಾಯಿಬಿಟ್ಟು ಹೇಳಿದವರು "ನನಗೆ ಕಳವಳವಾಗಿದೆ" ಎಂದವರಿಗಿಂತ ನಿಖರವಾಗಿ ಹಾಡಿದರು. ಎದೆಯ ಬಡಿತ ಎರಡರಲ್ಲಿಯೂ ಇದ್ದೇ ಇರುತ್ತದೆ. ಅದಕ್ಕೆ ನಾವು ಇಡುವ ಹೆಸರು ಬೇರೆ.

ಆದರೆ ಎಲ್ಲ ಭಾರವನ್ನೂ ಹಾಡುವವನ ಮೇಲೆ ಹೊರಿಸುವುದು ನ್ಯಾಯವಲ್ಲ. ಸಂಗೀತಗಾರ ಹೇಡನ್ ಏಳೆಂಟು ವರ್ಷದ ಬಾಲಕನಾಗಿದ್ದಾಗ, ವಿಯೆನ್ನಾದ ಸಂತ ಸ್ತೆಫಾನರ ಪ್ರಧಾನಾಲಯದ ಸಂಗೀತಾಧಿಕಾರಿ ರಾಯ್ಟರ್ ಗಾಯಕ ಬಾಲಕರನ್ನು ಹುಡುಕುತ್ತ ಹೈನ್‌ಬುರ್ಗ್ ಪಟ್ಟಣಕ್ಕೆ ಬಂದರು. "ಸ್ವರವನ್ನು ಕಂಪಿಸಬಲ್ಲೆಯಾ?" ಎಂದು ಕೇಳಿದಾಗ ಹುಡುಗನು ತನ್ನ ಉಪಾಧ್ಯಾಯರಿಗೂ ಅದು ಬಾರದೆಂದು ಹೇಳಿಬಿಟ್ಟನಂತೆ. ರಾಯ್ಟರ್ ಸಿಟ್ಟಾಗದೆ ತಾವೇ ಹಾಡಿ ತೋರಿಸಿದರು. ಕೆಲವೇ ಪ್ರಯತ್ನಗಳಲ್ಲಿ ಅದು ಬಂದಿತು; ಅವರು ಹುಡುಗನ ಜೇಬಿಗೆ ಚೆರಿ ಹಣ್ಣುಗಳನ್ನು ತುಂಬಿದರು. (ಮುಂದೆ ಅವರ ಆಶ್ರಯದಲ್ಲಿ ಅವನಿಗೆ ಹೊಟ್ಟೆ ತುಂಬ ಊಟ ದೊರೆಯಲಿಲ್ಲವೆಂಬುದು ಬೇರೆ ಮಾತು.) ಬಾರದುದನ್ನು ಕಲಿಸಿ ನೋಡಿದ ಆ ಪರೀಕ್ಷಕರ ರೀತಿ ನಮಗೆ ಹಿಡಿಸಿದೆ.

ಆಯ್ಕೆಯಾಗದವರೂ ಇರುತ್ತಾರೆ. 1832ರಲ್ಲಿ ಮಿಲಾನಿನ ಸಂಗೀತಶಾಲೆ ಹದಿನೆಂಟರ ಹರೆಯದ ವೆರ್ದಿಯನ್ನು ಸೇರಿಸಿಕೊಳ್ಳಲಿಲ್ಲ. ವಯಸ್ಸು ಮೀರಿತ್ತು, ಪಿಯಾನೋ ಮೇಲೆ ಕೈಯಿಡುವ ಕ್ರಮವೂ ಅವರಿಗೆ ಒಪ್ಪಿಗೆಯಾಗಲಿಲ್ಲ. ಅದೇ ನಗರದ ಸಂತ ಮಾರ್ಕರ ದೇವಾಲಯದಲ್ಲಿ 1874ರಲ್ಲಿ ಅವರು ರಚಿಸಿದ ಮೃತರ ಬಲಿಪೂಜಾ ಸಂಗೀತವು ಮೊದಲ ಬಾರಿ ಮೊಳಗಿತು. ನಮ್ಮ ಪಟ್ಟಿಯಲ್ಲಿಯೂ ತಪ್ಪುಗಳಿರಬಹುದು.

ಭಾನುವಾರ ಎರಡನೆಯ ಪೂಜೆಯ ಬಳಿಕ ಜ್ಞಾನೋಪದೇಶದ ಕೊಠಡಿಗೆ ಬನ್ನಿರಿ. ಒಬ್ಬೊಬ್ಬರೂ ಎರಡು ಸಲ ಹಾಡಬಹುದು. ಮೊದಲನೆಯದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ತಾಯ್ತಂದೆಯರು ದಯಮಾಡಿ ಹೊರಗಿನ ಜಗಲಿಯಲ್ಲಿ ಕುಳಿತಿರಬೇಕು. ಕುಡಿಯುವ ನೀರನ್ನು ಇರಿಸಿರುತ್ತೇವೆ. ಚೆರಿ ಹಣ್ಣು ಈ ಊರಿನಲ್ಲಿ ದೊರೆಯದು. ಕಿತ್ತಳೆ ತರಲು ಹೇಳಿದ್ದೇವೆ.