ಮಕ್ಕಳ ಸಕ್ಕರೆ ಕಾಯಿಲೆಗೆ ಹಾಲು ಕಾರಣವೇ?

(ಅಕ್ಕಿಆಲೂರಿನಲ್ಲಿ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣ)



ಆಕಳ ಹಾಲು ಕುಡಿದ ಮಕ್ಕಳಿಗೆ ಸಕ್ಕರೆ ಕಾಯಿಲೆ ಬರುತ್ತದಂತೆ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಇದು ಬರೀ ಕಟ್ಟೆಯ ಹರಟೆಯಲ್ಲ; ವಿಜ್ಞಾನಿಗಳಿಗೇ ಈ ಸಂಶಯ ಬಂದಿತ್ತು. ಆದ್ದರಿಂದ ಮೊದಲು ರೋಗವೇನೆಂದು ತಿಳಿಯೋಣ.

ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಸಕ್ಕರೆ ಕಾಯಿಲೆಯೇ ಬೇರೆ, ಮಕ್ಕಳಿಗೆ ಹೆಚ್ಚಾಗಿ ಬರುವ ಒಂದನೆಯ ಬಗೆಯೇ ಬೇರೆ. ನಮ್ಮ ದೇಹದಲ್ಲಿ ರೋಗಾಣುಗಳನ್ನು ಕೊಲ್ಲುವ ಕಾವಲು ಪಡೆಯೊಂದಿದೆ. ಲಸಿಕೆ ಹಾಕಿಸಿದ ಆಕಳನ್ನು ಕಾಲುಬಾಯಿ ಬೇನೆಯಿಂದ ಕಾಯುವುದೂ ಇಂಥದೇ ಪಡೆ. ಕೆಲವು ಮಕ್ಕಳಲ್ಲಿ ಈ ಪಡೆ ದಾರಿತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಜೀವಕೋಶಗಳನ್ನೇ ಶತ್ರುವೆಂದು ಬಗೆದು ನಾಶಮಾಡುತ್ತದೆ. ಕೊಟ್ಟಿಗೆ ಕಾಯುವ ನಾಯಿ ಮನೆಯ ಕರುವನ್ನೇ ಕಚ್ಚಿದಂತೆ! ತಿಂಗಳುಗಟ್ಟಲೆ, ವರ್ಷಗಟ್ಟಲೆ ಇದು ಒಳಗೊಳಗೇ ನಡೆಯುತ್ತದೆ. ಬೆಲ್ಲ ತಿಂದದ್ದರಿಂದ ಬರುವುದಲ್ಲ. ತಾಯಿಯ ತಪ್ಪಂತೂ ಅಲ್ಲವೇ ಅಲ್ಲ.

ಇನ್ನು ಹಾಲಿನ ಮಾತು. ಎಳೆಗೂಸಿನ ಹೊಟ್ಟೆಗೆ ಆಕಳ ಹಾಲಿನ ಪ್ರೋಟೀನು ಹೋದರೆ ಈ ಪಡೆ ಕೆರಳುವುದೇ ಎಂದು ನೋಡಲು 2002ರಲ್ಲಿ ಒಂದು ದೊಡ್ಡ ಪರೀಕ್ಷೆ ಆರಂಭವಾಯಿತು. 15 ದೇಶಗಳ 2,159 ಶಿಶುಗಳು. ಎಲ್ಲರ ಮನೆಯಲ್ಲೂ ಹತ್ತಿರದವರಿಗೆ ಈ ರೋಗವಿತ್ತು. ಅರ್ಧದಷ್ಟು ಕೂಸುಗಳಿಗೆ ಆಕಳ ಹಾಲಿನ ಸಾಮಾನ್ಯ ಶಿಶು ಆಹಾರ, ಉಳಿದವರಿಗೆ ಪ್ರೋಟೀನನ್ನು ಒಡೆದು ಚೂರು ಮಾಡಿದ ಆಹಾರ. 2018ರಲ್ಲಿ ಫಲಿತಾಂಶ ಬಂತು: ಎರಡೂ ಗುಂಪಿನಲ್ಲಿ ರೋಗ ಹೆಚ್ಚುಕಡಿಮೆ ಒಂದೇ ಪ್ರಮಾಣ. ಹಾಗೆಂದು ಎಳೆಗೂಸಿಗೆ ಆಕಳ ಹಾಲು ಕುಡಿಸಿರೆಂದಲ್ಲ. ಹಾಲು ಮಾರುವವರ ಸಭೆಯಲ್ಲೇ ಹೇಳುತ್ತಿದ್ದೇನೆ, ಆರು ತಿಂಗಳವರೆಗೆ ತಾಯಿಹಾಲೊಂದೇ ಸಾಕು. ವರ್ಷ ತುಂಬುವವರೆಗೂ ಆಕಳ ಹಾಲು ಮುಖ್ಯ ಆಹಾರವಾಗಬಾರದು, ರಕ್ತಹೀನತೆ ಬರುತ್ತದೆ.

ಮಗು ಪದೇ ಪದೇ ನೀರು ಕೇಳುತ್ತಿದೆಯೇ? ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ರೂಢಿ ಮತ್ತೆ ಶುರುವಾಗಿದೆಯೇ? ಉಂಡರೂ ಸೊರಗುತ್ತಿದೆಯೇ? ಅಂದೇ ರಕ್ತ ಪರೀಕ್ಷೆ ಮಾಡಿಸಿ. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಒಂದು ಗಳಿಗೆಯೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಿರಿ.

ಇದಕ್ಕೆ ಔಷಧ ಇನ್ಸುಲಿನ್. 1922ರಲ್ಲಿ ಟೊರಾಂಟೊದಲ್ಲಿ 14 ವರ್ಷದ ಹುಡುಗನಿಗೆ ಮೊದಲು ಕೊಟ್ಟದ್ದು ದನದ ಮೇದೋಜೀರಕದಿಂದ ತೆಗೆದದ್ದು! ಅದಕ್ಕೂ ಮುಂಚೆ ಇಂಥ ಮಕ್ಕಳು ಬದುಕುತ್ತಿರಲಿಲ್ಲ. ಈಗ ಓದುತ್ತಾರೆ, ದುಡಿಯುತ್ತಾರೆ, ಮದುವೆಯಾಗುತ್ತಾರೆ. ಆದರೆ ಸೂಜಿ ಬಿಡಿಸಿ ಬೇರು, ಕಷಾಯ ಕೊಟ್ಟರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಅಪಾಯ. ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ಬಳಸುತ್ತಿರುವ ಬಾಟಲಿಯನ್ನು ಒದ್ದೆ ಮರಳಿನಲ್ಲಿಟ್ಟ ಮಣ್ಣಿನ ಗಡಿಗೆಯಲ್ಲಿ, ನೆರಳಿನಲ್ಲಿ ಇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು. ಐಸಿನ ಮೇಲೆ ಇಡಬೇಡಿ.