ಅಗ್ಗದ ಸರ್ವರ್ ಹೆಂಗದ ಅಂತ ರಾತ್ರಿ ಎಂಟಕ್ಕೆ ನೋಡ್ರಿ

‘ಎರಡು ಕೋರ್, ನಾಲ್ಕು ಜಿಬಿ ರ‍್ಯಾಮ್, ಎನ್‌ವಿಎಂಇ ಡಿಸ್ಕ್, ತಿಂಗಳಿಗೆ ಒಂದು ಮೊಬೈಲ್ ರೀಚಾರ್ಜ್‌ನಷ್ಟೇ ದುಡ್ಡು.’ ಈ ಥರದ ಜಾಹೀರಾತು ನೀವೂ ನೋಡಿರ್ತೀರಿ. ವಿಪಿಎಸ್ ಅಂತಾರೆ, ಅಂದ್ರೆ ಒಂದು ದೊಡ್ಡ ಕಂಪ್ಯೂಟರನ್ನು ಸಾಫ್ಟ್‌ವೇರ್‌ನಿಂದ ಹೋಳು ಮಾಡಿ, ಒಂದೊಂದು ಹೋಳನ್ನು ಒಬ್ಬೊಬ್ಬರಿಗೆ ಬಾಡಿಗೆ ಕೊಡೋದು. ಆ ಹೋಳು ಹೇಳಿದಷ್ಟು ಕೆಲಸ ಮಾಡುತ್ತಾ ಅಂತ ಕಂಡುಹಿಡಿಯೋದು ಹೇಗೆ? ಇವತ್ತಿನ ಮಾತು ಇಷ್ಟೇ.

ನಾನಿರೋದು ಇಂಗಳೇಶ್ವರದಲ್ಲಿ, ಬಸವನ ಬಾಗೇವಾಡಿ ತಾಲ್ಲೂಕು. ಎಪಿಎಂಸಿಗಳ ತೊಗರಿ, ಉಳ್ಳಾಗಡ್ಡಿ, ಒಣದ್ರಾಕ್ಷಿ ದರಗಳನ್ನು ಕನ್ನಡದಲ್ಲಿ ಒಂದೇ ಪುಟದಲ್ಲಿ ತೋರಿಸೋ ಸಣ್ಣ ವೆಬ್‌ಸೈಟ್ ನಡೆಸ್ತೀನಿ. ಸರ್ಕಾರದ ಆಗ್‌ಮಾರ್ಕ್‌ನೆಟ್‌ನಲ್ಲಿ ಈ ದರಗಳು ಸಿಗ್ತಾವೆ, ಆದ್ರೆ ನಮ್ಮೂರ ರೈತರಿಗೆ ಬೇಕಾದ ನಾಲ್ಕು ಸಾಲು ಮೊಬೈಲ್‌ನಲ್ಲಿ ಥಟ್ಟಂತ ಕಾಣಬೇಕಲ್ಲ, ಅದಕ್ಕೆ ಇದು. ಬಳಸೋರು ಕೆಲವು ನೂರು ಜನ. ವಿಚಿತ್ರ ಏನಂದ್ರೆ ಎಲ್ಲರೂ ಬರೋದು ಒಂದೇ ಹೊತ್ತಿಗೆ. ಊಟ ಮುಗಿಸಿ, ರಾತ್ರಿ ಎಂಟರಿಂದ ಹತ್ತರೊಳಗೆ.

ನಮ್ಮ ಓಣಿಯ ಕಾಕಾ ಒಬ್ಬರು ಇದನ್ನ ನನಗಿಂತ ಚೆನ್ನಾಗಿ ಹೇಳಿದ್ರು: “ತಮ್ಮಾ, ಮುಂಜಾನೆ ನಾಕಕ್ಕ ಟ್ರ್ಯಾಕ್ಟರ್ ಬಿಡಬೇಕು. ರೇಟ್ ಈಗ ಕಂಡ್ರ ಚೀಲ ಹೇರತೀನಿ, ಇಲ್ಲಾಂದ್ರ ಇಲ್ಲ. ನಾಳಿ ಮಧ್ಯಾಹ್ನ ಕಂಡ್ರ ಏನ್ ಮಾಡ್ಲಿ?” ಹೋಗಿಬರೋ ಟ್ರ್ಯಾಕ್ಟರ್ ಬಾಡಿಗೆ ಅವರ ಕಿಸೆಯಿಂದ ಹೋಗೋದು. ಹಾಗಾಗಿ ನನಗೆ ಸರಾಸರಿ ವೇಗ ಬೇಡ. ಎಂಟು ಗಂಟೆಯ ವೇಗ ಬೇಕು.

ವಾರ್ಷಿಕ ಪ್ಲಾನ್ ಕೊಳ್ಳೋ ಮೊದಲು ಮೂರು ಕಂಪನಿಗಳ ವಿಪಿಎಸ್ ಒಂದೊಂದು ತಿಂಗಳಿಗೆ ಹಿಡಿದೆ. ಹೆಸರು ಹೇಳಲ್ಲ. ಮೊದಲನೇದು ಭಾರತದಲ್ಲೇ ಇರೋದು, ಮೂರರಲ್ಲಿ ಎಲ್ಲಕ್ಕಿಂತ ಅಗ್ಗ. ಎರಡನೇದು ಜರ್ಮನಿಯಲ್ಲಿ, ರ‍್ಯಾಮ್ ಧಾರಾಳ. ಮೂರನೇದು ಮುಂಬೈಯಲ್ಲಿ, ಒಂದೇ ಕೋರ್, ರೇಟ್ ಮಾತ್ರ ಜಾಸ್ತಿ.

ಮೊದಲು ಸಿಪಿಯು. ಸಾಮಾನ್ಯವಾಗಿ ಜನ ಸಿಸ್‌ಬೆಂಚ್ ಅಂತ ಒಂದು ಟೂಲ್ ಓಡಿಸ್ತಾರೆ. ಅದು ಅವಿಭಾಜ್ಯ ಸಂಖ್ಯೆಗಳನ್ನು ಹುಡುಕ್ತಾ ಸೆಕೆಂಡಿಗೆ ಎಷ್ಟು ಸುತ್ತು ಮುಗಿಸ್ತು ಅಂತ ಹೇಳುತ್ತೆ. ಹತ್ತು ಸೆಕೆಂಡ್ ಓಡಿಸಿ, ಸ್ಕ್ರೀನ್‌ಶಾಟ್ ತೆಗೆದು, ‘ಸೂಪರ್ ಸರ್ವರ್’ ಅಂತ ಹಾಕಿಬಿಡ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ಹಾಗೆ ನೋಡಿದ್ರೆ ನನ್ನ ಮೂರರಲ್ಲಿ ಅಗ್ಗದ್ದೇ ಫಸ್ಟ್.

ಆದ್ರೆ ಅದೇ ಪರೀಕ್ಷೆಯನ್ನ ಕ್ರಾನ್‌ಗೆ ಹಾಕಿ, ಗಂಟೆಗೊಮ್ಮೆ, ಏಳು ದಿನ ಓಡಿಸಿದೆ. ಅಗ್ಗದ್ದು ರಾತ್ರಿ ಎಂಟಾದ್ರೆ ಅರ್ಧಕ್ಕಿಂತ ಕೆಳಗೆ ಬೀಳ್ತಿತ್ತು. ಹನ್ನೊಂದರ ಮೇಲೆ ಮತ್ತೆ ಏಳ್ತಿತ್ತು. ದಿನಾ ಅದೇ ಕಥೆ. ಮುಂಬೈದು ಯಾವತ್ತೂ ಅಷ್ಟು ಎತ್ತರಕ್ಕೆ ಹೋಗ್ಲಿಲ್ಲ, ಆದ್ರೆ ಗೆರೆ ಮಾತ್ರ ನೆಟ್ಟಗೆ.

ಯಾಕೆ ಹೀಗೆ? ಬಾಗೇವಾಡಿ ರಸ್ತೆಯ ಟಂಟಂ ನೆನಪು ಮಾಡ್ಕೊಳ್ರಿ. ಸೀಟು ಇರೋದಕ್ಕಿಂತ ಜಾಸ್ತಿ ಜನ ಹತ್ತಿಸ್ತಾರೆ. ಎಲ್ಲರೂ ಒಟ್ಟಿಗೆ ಪ್ರಯಾಣ ಮಾಡದಿದ್ರೆ ನಡೆಯುತ್ತೆ, ಸಂತೆ ದಿನ ಮಾತ್ರ ಉಸಿರುಗಟ್ಟುತ್ತೆ. ಹೋಸ್ಟಿಂಗ್‌ನಲ್ಲೂ ಒಂದೇ ಕೋರನ್ನು ಹಲವರಿಗೆ ಮಾರ್ತಾರೆ. ಇದು ಮೋಸ ಅಂತ ನಾನು ಹೇಳಲ್ಲ, ಅಗ್ಗ ಆಗೋದೇ ಹಾಗೆ. ಎಷ್ಟು ಜನರನ್ನ ಹತ್ತಿಸಿದ್ದಾರೆ ಅನ್ನೋದೇ ಪ್ರಶ್ನೆ.

ಅದನ್ನ ನೋಡೋಕೆ ಲಿನಕ್ಸ್‌ನಲ್ಲಿ ಪುಕ್ಕಟೆ ಕಿಟಕಿ ಇದೆ. ಟಾಪ್ ಅಂತ ಕಮಾಂಡ್ ಕೊಡಿ, ಸಿಪಿಯು ಸಾಲಿನ ಕೊನೆಗೆ ‘ಎಸ್‌ಟಿ’ ಅಂತ ಎರಡಕ್ಷರ ಇರುತ್ತೆ. ಸ್ಟೀಲ್, ಅಂದ್ರೆ ಕದ್ದ ಸಮಯ. ನಿಮ್ಮ ಸರ್ವರ್ ಕೆಲಸ ಮಾಡೋಕೆ ತಯಾರಿತ್ತು, ಆದ್ರೆ ಯಜಮಾನ ಯಂತ್ರ ಆ ಹೊತ್ತನ್ನ ಇನ್ನೊಬ್ಬರಿಗೆ ಕೊಟ್ಟಿತು ಅಂತ ಅರ್ಥ. ಸೊನ್ನೆ, ಒಂದು, ಎರಡು ಇದ್ರೆ ಚಿಂತೆ ಇಲ್ಲ. ಹತ್ತರ ಮೇಲೆ ನಿಂತಿದ್ರೆ ಹುಷಾರಾಗಿರಿ. ನನ್ನ ಅಗ್ಗದ ಸರ್ವರ್‌ನಲ್ಲಿ ರಾತ್ರಿ ಮೂವತ್ತು ದಾಟಿತ್ತು. ಕಂಪನಿಗೆ ಬರೆದ್ರೆ, ‘ನಮ್ಮ ಕಡೆ ಎಲ್ಲ ಸರಿ ಇದೆ’ ಅನ್ನೋ ಉತ್ತರ. ಬೆಳಗ್ಗೆ ಹತ್ತಕ್ಕೆ ನೋಡಿದ್ರೆ ಸರಿಯಾಗೇ ಇರುತ್ತಲ್ಲ!

ಇಲ್ಲೊಂದು ಎಚ್ಚರಿಕೆ. ಕೆಲವು ಅಗ್ಗದ ಪ್ಲಾನ್‌ಗಳು ಕೆವಿಎಂ ಅಲ್ಲ, ಓಪನ್‌ವಿಝಡ್ ಅಥವಾ ಎಲ್‌ಎಕ್ಸ್‌ಸಿ ಕಂಟೇನರ್‌ಗಳು. ಅಲ್ಲಿ ಎಸ್‌ಟಿ ಸಂಖ್ಯೆಯನ್ನ ನಂಬೋಕಾಗಲ್ಲ, ಗಂಟೆಗೊಮ್ಮೆ ಗಡಿಯಾರ ಹಿಡಿದು ಅಳೆಯೋದೇ ದಾರಿ. ನಿಮ್ಮದು ಯಾವುದು ಅಂತ ‘ಸಿಸ್ಟಮ್‌ಡಿ-ಡಿಟೆಕ್ಟ್-ವರ್ಟ್’ ಕಮಾಂಡ್ ಹೇಳುತ್ತೆ.

ಚುಟುಕು ಪರೀಕ್ಷೆಯನ್ನ ಯಾಕೆ ನಂಬಬಾರದು ಅನ್ನೋದಕ್ಕೆ ಇನ್ನೊಂದು ಉದಾಹರಣೆ ಅಮೆಜಾನ್‌ನದು. ಅವರು 2014ರಲ್ಲಿ ತಂದ ಟಿ2 ಸರ್ವರ್‌ಗಳ ನಿಯಮ ಬಹಿರಂಗವಾಗೇ ಇದೆ. ಟಿ2 ಮೈಕ್ರೋಗೆ ಸಿಗೋದು ಒಂದು ಕೋರ್‌ನ ಶೇ 10ರಷ್ಟು ಮಾತ್ರ. ಗಂಟೆಗೆ 6 ಕ್ರೆಡಿಟ್ ಜಮಾ ಆಗುತ್ತೆ. ಒಂದು ಕ್ರೆಡಿಟ್ ಅಂದ್ರೆ ಒಂದು ನಿಮಿಷದ ಪೂರ್ತಿ ವೇಗ. ಹೊಸದಾಗಿ ಶುರು ಮಾಡಿದಾಗ 30 ಕ್ರೆಡಿಟ್ ಮೊದಲೇ ಕೊಟ್ಟಿರ್ತಾರೆ. ಅಂದ್ರೆ ಮೊದಲ ಅರ್ಧ ಗಂಟೆ ಕುದುರೆ, ಆಮೇಲೆ ಆಮೆ. ಐದು ನಿಮಿಷ ಪರೀಕ್ಷೆ ಮಾಡಿದವರಿಗೆ ಕುದುರೆ ಮಾತ್ರ ಕಾಣುತ್ತೆ.

ಡಿಸ್ಕ್ ಪರೀಕ್ಷೆಗೆ ಹಳೇ ಡಿಡಿ ಕಮಾಂಡ್‌ನಿಂದ ಸೊನ್ನೆಗಳನ್ನ ಬರೆಸಿ ‘ಸೆಕೆಂಡಿಗೆ ಇಷ್ಟು ಜಿಬಿ’ ಅಂತ ಕುಣಿಯೋರಿದ್ದಾರೆ. ಅದು ಬಹಳ ಸಲ ಡಿಸ್ಕ್ ಅಲ್ಲ, ರ‍್ಯಾಮ್‌ನ ವೇಗ. ಎಫ್‌ಐಓ ಬಳಸಿ. 4 ಕೆಬಿ ತುಂಡು, ಅಲ್ಲೊಂದು ಇಲ್ಲೊಂದು ಓದು-ಬರಹ, ಕ್ಯಾಶ್ ತಪ್ಪಿಸೋ ಡೈರೆಕ್ಟ್ ಆಯ್ಕೆ, ಒಂದು ನಿಮಿಷ ಸಾಕು. ಹಳೇ ತಿರುಗೋ ಡಿಸ್ಕ್ ಹೀಗೆ ಸೆಕೆಂಡಿಗೆ ನೂರರ ಆಸುಪಾಸು ಕೆಲಸ ಮಾಡುತ್ತೆ, ಎಸ್‌ಎಸ್‌ಡಿ ಸಾವಿರಾರು. ಬೋರ್ಡ್ ಮೇಲೆ ಎನ್‌ವಿಎಂಇ ಅಂತ ಬರೆದು ನೂರಿನ್ನೂರು ಬಂದ್ರೆ ಏನೋ ಗಡಿಬಿಡಿ ಇದೆ. ಹಾಂ, ಇದನ್ನ ಗಂಟೆಗಟ್ಟಲೆ ಓಡಿಸಬೇಡ್ರಿ. ಆ ಯಂತ್ರದಲ್ಲಿ ಬೇರೆಯವರಿಗೆ ನೀವೇ ಕಾಟ ಕೊಡೋ ನೆರೆಮನೆಯವರು.

ಇನ್ನು ದೂರ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತೆ, ಅಂದ್ರೆ ಒಂದು ಮಿಲಿಸೆಕೆಂಡಿಗೆ 200. ಮುಂಬೈಯಿಂದ ಫ್ರಾಂಕ್‌ಫರ್ಟ್ ನೇರ ಗೆರೆಯಲ್ಲೇ ಸುಮಾರು 6,500 ಕಿಲೋಮೀಟರ್. ಹೋಗಿಬರೋಕೆ ಕನಿಷ್ಠ 65 ಮಿಲಿಸೆಕೆಂಡ್. ಕೇಬಲ್ ಸಮುದ್ರದಲ್ಲಿ ಸುತ್ತಿ ಹೋಗೋದರಿಂದ ನಿಜದಲ್ಲಿ ನೂರು ದಾಟುತ್ತೆ. ಸುರಕ್ಷಿತ ವೆಬ್‌ಪುಟ ಮೊದಲ ಸಲ ತೆರೆಯೋಕೆ ಸಾಮಾನ್ಯವಾಗಿ ಮೂರು ಸಲ ಹೋಗಿಬರಬೇಕು. ಎಷ್ಟೇ ರ‍್ಯಾಮ್ ಕೊಟ್ರೂ ಈ ಲೆಕ್ಕ ಬದಲಾಗಲ್ಲ. ಇದನ್ನ ಅಳೆಯೋಕೆ ಲ್ಯಾಪ್‌ಟಾಪ್ ಬೇಡ. ಆಂಡ್ರಾಯ್ಡ್ ಫೋನ್‌ನಲ್ಲಿ ಟರ್ಮಕ್ಸ್ ಹಾಕ್ಕೊಂಡು, ವೈಫೈ ಆಫ್ ಮಾಡಿ, ನಿಮ್ಮ ಊರಿನ ಟವರ್‌ನಿಂದಲೇ ಪಿಂಗ್ ಮಾಡಿ. ಬೆಂಗಳೂರಿನ ಆಫೀಸ್ ಲೈನ್‌ನಿಂದ ಮಾಡಿದ ಪಿಂಗ್ ನಮ್ಮೂರ ಹೊಲದಲ್ಲಿ ನಿಂತವರಿಗೆ ಏನೂ ಹೇಳಲ್ಲ.

ಕೊನೇದು, ಯಾರೂ ಪರೀಕ್ಷೆ ಮಾಡದೇ ಇರೋದು. ನಮ್ಮೂರಿಗೆ ಬಂದವರು ವಚನ ಶಿಲಾಮಂಟಪ ನೋಡಿರ್ತೀರಿ, ವಚನಗಳನ್ನ ಕಲ್ಲಲ್ಲಿ ಕೆತ್ತಿಸಿದ್ದಾರೆ. ಬಾಡಿಗೆ ಸರ್ವರ್ ಕಲ್ಲಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು, ಒಂದು ಕಟ್ಟಡ ಪೂರ್ತಿ ಸುಟ್ಟಿತು. ಅಪಾರ ಸಂಖ್ಯೆಯ ವೆಬ್‌ಸೈಟ್‌ಗಳು ನಿಂತವು. ಬ್ಯಾಕಪ್ ಕೂಡ ಅದೇ ಆವರಣದಲ್ಲಿದ್ದವರಲ್ಲಿ ಕೆಲವರಿಗೆ ಎರಡೂ ಹೋದವು. ಅದಕ್ಕೇ ನಾನು ಒಂದು ಖಾಲಿ ಸರ್ವರ್ ತಗೊಂಡು, ಬ್ಯಾಕಪ್‌ನಿಂದ ಸೈಟನ್ನ ಎಬ್ಬಿಸೋಕೆ ಎಷ್ಟು ಹೊತ್ತು ಬೇಕು ಅಂತ ಗಡಿಯಾರ ಇಟ್ಟು ನೋಡಿದೆ. 22 ನಿಮಿಷ. ಊಟದ ಹೊತ್ತಿಗೆ ಬಿದ್ರೂ ಕಾಕಾ ಮಲಗೋ ಮೊದಲು ಎದ್ದಿರುತ್ತೆ.

ಈಗ ಸೈಟ್ ಓಡ್ತಿರೋದು ಮುಂಬೈಯ ಒಂದು ಕೋರ್ ಮೇಲೆ. ಜರ್ಮನಿಯದನ್ನ ಬ್ಯಾಕಪ್‌ಗೆ ಇಟ್ಕೊಂಡೆ, ಅದಕ್ಕೆ ದೂರವೇ ಒಳ್ಳೇದು. ಅಗ್ಗದ್ದನ್ನ ತಿಂಗಳು ಮುಗಿದ ಮೇಲೆ ಬಿಟ್ಟೆ. ಗಂಟೆಗೊಮ್ಮೆ ಅಳೆಯೋ ಕ್ರಾನ್ ಮಾತ್ರ ಇನ್ನೂ ಓಡ್ತಿದೆ, ಯಾಕಂದ್ರೆ ಇವತ್ತು ಖಾಲಿ ಇರೋ ಯಂತ್ರದಲ್ಲಿ ಮುಂದಿನ ತಿಂಗಳು ಯಾರು ಬಂದು ಕೂರ್ತಾರೋ.

ನಿಮ್ಮ ಸರ್ವರ್‌ನ ಎಸ್‌ಟಿ ಎಷ್ಟಿದೆ ಅಂತ ಬರೆದು ಕಳಿಸಿ. ಎಷ್ಟು ಗಂಟೆಗೆ ನೋಡಿದ್ದು ಅನ್ನೋದನ್ನೂ ಬರೀರಿ ಮತ್ತ.